ಶ್ವಾಸ್ ಸೋಡ್ಲಾ!

ಇಂಜೆಕ್ಷನ್ನಿಗೂ ಜಗ್ಗದ ದಮ್ಮಿನಲ್ಲಿ ಅಣ್ಣನ ಎದೆ ಉಬ್ಬಿತು, ಇಳಿಯುವುದನ್ನೇ ಮರೆತಂತೆ ನಿಂತುಬಿಟ್ಟಿತು. ತುಟಿ ನೀಲಿಯಾಯಿತು. ಐವತ್ತರ ದಶಕದ ಮುಂಬಯಿ. ಸಯನ್ ಕಡೆಯ ಆಸ್ಪತ್ರೆಯೊಂದರಲ್ಲಿ ಮರಾಠಿ ಡಾಕ್ಟರೊಬ್ಬರು ಅವನ ಗಂಟಲೊಳಗೆ ರಬ್ಬರ್ ಕೊಳವೆ ಇಳಿಸಿ, ಅದಕ್ಕೆ ಜೋಡಿಸಿದ ಕಪ್ಪು ಚೀಲವನ್ನು ಮುಷ್ಟಿಯಲ್ಲಿ ಹಿಚುಕಿದರು. ಆಮೇಲೆ ಸುಮ್ಮನೆ ಕಾದರು. ಮತ್ತೆ ಹಿಚುಕಿದರು, ಮತ್ತೆ ಕಾದರು. ಒಬ್ಬರ ಉಸಿರು ಇನ್ನೊಬ್ಬರ ಮುಷ್ಟಿಯಲ್ಲಿರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಕಾಯುವಾಗ ಬಾಗಿಲಲ್ಲಿ ನಿಂತಿದ್ದ ನಾನೂ ಅವ್ವನೂ ಉಸಿರು ಬಿಗಿಹಿಡಿಯುತ್ತಿದ್ದೆವು.

ಒಮ್ಮೆಲೇ ಡಾಕ್ಟರು ಕೂಗಿದರು: "ಸೋಡ್ಲಾ! ಶ್ವಾಸ್ ಸೋಡ್ಲಾ!"

ಧಾರವಾಡದಿಂದ ಬಂದ ಅವ್ವನಿಗೆ ಅಷ್ಟು ಮರಾಠಿ ಬರುತ್ತಿತ್ತು. ಸೋಡ್ಲಾ ಎಂದರೆ ಬಿಟ್ಟ. "ಅಯ್ಯೋ, ಪ್ರಾಣಾ ಬಿಟ್ಟನೇನೋ ನನ್ನ ಮಗಾ!" ಎಂದು ಚೀರಿದಳು.

ಡಾಕ್ಟರು ಚೀಲ ಹಿಡಿದ ಕೈ ತೆಗೆಯದೆ, ಇನ್ನೊಂದು ಕೈಯಿಂದ ಅವಳನ್ನು ಹತ್ತಿರ ಕರೆದು, ಅವಳ ಅಂಗೈಯನ್ನು ಅಣ್ಣನ ಎದೆಯ ಮೇಲಿಟ್ಟರು. ಎದೆ ಮೆಲ್ಲಗೆ ಇಳಿಯುತ್ತಿತ್ತು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಬರುತ್ತಿತ್ತು. ಅವರು ಹೇಳಿದ್ದು ಅಷ್ಟೇ: ಉಸಿರು ಬಿಟ್ಟ.

ಮನೆಯಲ್ಲಿ ಯಾರೇ ನಿಟ್ಟುಸಿರು ಬಿಟ್ಟರೂ ಅಪಶಕುನವೆಂದು ಗದರುತ್ತಿದ್ದವಳು ನಮ್ಮವ್ವ. ಅಣ್ಣ ಬದುಕಿ ವಡಾಲದ ಚಾಳಿನ ನಮ್ಮ ಕೋಣೆಗೆ ಮರಳಿದ ಮೇಲೆ, ಅವನು ನಿಟ್ಟುಸಿರು ಬಿಟ್ಟಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಬಿಡಪಾ, ಇನ್ನೊಮ್ಮಿ ಬಿಡು" ಎನ್ನುತ್ತಿದ್ದಳು.