ರಹಮತ್ ಬಿಯ ಸಾಣೆಚಕ್ರ

ಗುಂಡ್ಲುಪೇಟೆ ಸಂತೆಯ ಸುಂಕದ ಗುತ್ತಿಗೆದಾರ ಕರಿಬಸವಯ್ಯ, ಸಾಣೆ ಹಿಡಿಯುವ ರಹಮತ್ ಬಿಗೆ ಒಂದು ಚಕ್ರ ಬಾಕಿ ಉಳಿಸಿಕೊಂಡಿದ್ದಾನೆ. ದುಡ್ಡಲ್ಲ, ಚಕ್ರ. ಯುಗಾದಿಗೆ ಮುಂಚೆ ಆಕೆಯ ಸೈಕಲ್ಲಿನಿಂದ ಬಿಚ್ಚಿಸಿಕೊಂಡು ಹೋದದ್ದು ಇವತ್ತಿಗೂ ವಾಪಸು ಬಂದಿಲ್ಲ.

ರಹಮತ್ ಬಿ ಈ ಕಸುಬಿಗೆ ಬಂದದ್ದು ಗಂಡ ಜಿಯಾವುಲ್ಲಾನ ಮಂಡಿ ಸವೆದ ಮೇಲೆ. ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಕೂತು ಪೆಡಲ್ ತುಳಿದರೆ ಮುಂದಿನ ಕಲ್ಲಿನ ಚಕ್ರ ತಿರುಗುತ್ತದೆ. ಅವನಿಗೆ ತುಳಿಯಲಾಗಲಿಲ್ಲ, ಈಕೆ ಹತ್ತಿ ಕೂತಳು. ಮೊದಲ ಸಂತೆಯಲ್ಲೇ ಒಬ್ಬ ಹಿರಿಯ ಕೊಂಕು ತೆಗೆದ.

"ಹೆಂಗ್ಸು ಕತ್ತಿ ಮಸುದ್ರೆ ಊರು ಉಳ್ದದಾ?"

"ನಿಮ್ಮನೇಲಿ ಸೊಪ್ಪು ಕುಯ್ಯೋರು ಯಾರು ಯಜಮಾನ್ರೆ? ನೀವಾ?"

ಅವನು ಮಚ್ಚು ನೆಲಕ್ಕಿಟ್ಟು ಸಾಲಿನಲ್ಲಿ ನಿಂತ.

ಅವಸರ ಆಕೆಗೆ ಆಗದು. ಕಲ್ಲಿಗೆ ನೀರು ಚಿಮುಕಿಸುತ್ತ, ಅಲಗನ್ನು ಎರಡೂ ಕಡೆ ಒಂದೇ ಓರೆಯಲ್ಲಿ ಹಿಡಿದು, ಕಾವೇರದಂತೆ ಎತ್ತಿ ಎತ್ತಿ ತಾಗಿಸುತ್ತಾಳೆ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಎಳೆದು, ಟೊಮೇಟೊ ಮೇಲಿಟ್ಟು ನೋಡುತ್ತಾಳೆ. ಒತ್ತದೆ ಸಿಪ್ಪೆಯಲ್ಲಿ ಇಳಿದರೆ ಸರಿ, ಇಲ್ಲವಾದರೆ ಮತ್ತೆ ಕಲ್ಲಿಗೆ. ಬೈಗುಳ ಪುಕ್ಕಟೆ.

"ಸ್ಟೀಲ್ ತಟ್ಟೆ ಮ್ಯಾಲೆ ಈರುಳ್ಳಿ ಕುಯ್ದೀಯಲ್ಲ ಕಣಮ್ಮಿ, ಕತ್ತಿ ಬಾಯಿ ಇನ್ನೇನಾದದು? ಮರದ ಮಣೆ ಇಟ್ಕ. ನಿಂಬೆಣ್ಣು ಕುಯ್ದಮ್ಯಾಲೆ ಒರ್ಸಿ ಮಡಗು."

ಈ ಸಂತೆಯಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದಂತೆ. ನೆಲಕ್ಕಿಡಬೇಕು. ಎತ್ತಿಕೊಂಡವರು ಮಸೆದುಕೊಡಲು ಒಪ್ಪಿದಂತೆ. ನೆಲದ ಮೇಲಿನ ಅಲಗನ್ನು ಯಾರೂ ದಾಟುವುದೂ ಇಲ್ಲ.

ಕರಿಬಸವಯ್ಯನಿಗೆ ದುರಾಸೆ ಬಂತು. ಸೈಕಲ್ ನಿಂತ ಜಾಗಕ್ಕೊಂದು ಸುಂಕ, ಗಿರಾಕಿಗಳು ಸಾಲು ನಿಂತ ಜಾಗಕ್ಕೆ ಇನ್ನೊಂದು ಎಂದ.

"ನಿಂತೋರ ಕಾಲ್ಗೂ ಸುಂಕ್ವಾ? ಕೊಡಕಿಲ್ಲ ಓಗಿ," ಎಂದಳು ರಹಮತ್ ಬಿ.

ಅವನ ಆಳುಗಳು ಸ್ಪ್ಯಾನರ್ ಹಾಕಿ ಚಕ್ರ ಬಿಚ್ಚಿದರು. ಆಕೆ ಅಳಲಿಲ್ಲ. ಚೀಲದಿಂದ ಮಸೆಯುವ ಕೈಗಲ್ಲು ತೆಗೆದು, ನೆಲಕ್ಕೆ ಕೂತು, ಮುಂದಿನ ಕುಡುಗೋಲು ಎತ್ತಿಕೊಂಡಳು.

ನಾವು ಚಳವಳಿಯವರು ನಾಲ್ಕು ಜನ ಸೇರಿದರೆ ಮೊದಲು ಬ್ಯಾನರ್ ಬರೆಸುತ್ತೇವೆ. ಸಂತೆಯ ಹೆಂಗಸರು ಬರೆಸಲಿಲ್ಲ. ಮುಂದಿನ ಸಂತೆಯಲ್ಲಿ ಕರಿಬಸವಯ್ಯ ಗೋಡೆ ಮೂಲೆಯಲ್ಲಿ ಚಾಪೆ ಹಾಸಿ ಕೂತಿದ್ದಾಗ, ಹರವೆ ಊರಿನಿಂದ ಕುಂಬಳಕಾಯಿ ತರುವ ಸುಂದ್ರಮ್ಮ ತನ್ನ ಮೊಂಡು ಮಚ್ಚನ್ನು ಅವನ ಮುಂದಿಟ್ಟಳು. ಹಿಂದೆಯೇ ಹೂವಿನವರ ಕತ್ತರಿ, ಬಾಳೆಗೊನೆ ಕಡಿಯುವವರ ಕತ್ತಿ, ಮಟನ್ ಅಂಗಡಿ ವಸೀಮನ ಚೂರಿ. ಚಾಪೆಯ ಸುತ್ತ ಕಬ್ಬಿಣದ ಬೇಲಿಯಾಯಿತು.

"ಏನ್ರಮ್ಮಾ ಇದು? ಎತ್ಕಳಿ!"

"ಚಕ್ರ ನಿಮ್ತಾವದೆ. ನೀವೇ ಮಸ್ದು ಕೊಡಿ ಸ್ವಾಮಿ," ಎಂದಳು ಸುಂದ್ರಮ್ಮ.

"ನಂಗೆ ಬಂದದಾ ಅದು?"

"ಹಂಗಾರೆ ದಾಟ್ಕಂಡು ಓಗಿ."

ಆಯುಧಪೂಜೆಗೆ ಸ್ಕೂಟರಿಗೂ ಬೂದುಗುಂಬಳ ಒಡೆಯುವ ಮನುಷ್ಯ, ದಾಟಲಾರ. "ಎತ್ರಲಾ!" ಎಂದರೆ ಆಳುಗಳು ಕೈ ಹಿಂದೆ ಕಟ್ಟಿಕೊಂಡರು. ಎತ್ತಿದವನೇ ಮಸೆಯಬೇಕಲ್ಲ. ಬಿಸಿಲು ನೆತ್ತಿಗೇರಿತು. ಕರಿಬಸವಯ್ಯ ಎದ್ದ, ಕೂತ, ಮತ್ತೆ ಎದ್ದ. ಉಚ್ಚೆ ಅವಸರವಾಗಿತ್ತು.

"ಅಣ್ಣಾ, ಬಾಟ್ಲಿ ಕೊಡ್ಲಾ?" ಎಂದ ವಸೀಂ. ಸಂತೆಗೆ ಸಂತೆಯೇ ನಕ್ಕಿತು.

"ಆಯ್ತು ಕಣ್ರಮ್ಮಾ, ಸಾಲಿನ್ ಸುಂಕ ಬ್ಯಾಡ! ಬುಡಿ ನನ್ನ!"

ಗೆದ್ದ ಖುಷಿಗೆ ಎಲ್ಲರೂ ತಂತಮ್ಮ ಕತ್ತಿ ಎತ್ತಿಕೊಂಡುಬಿಟ್ಟರು. ಅದೇ ತಪ್ಪು. ಚಕ್ರ ಬರುವ ತನಕ ಎತ್ತಬಾರದಿತ್ತು. ಹಗುರಾಗಿ ವಾಪಸು ಬಂದವನು ಹೊಸ ರಾಗ ತೆಗೆದ.

"ಚಕ್ರನಾ? ಯಾವ ಚಕ್ರ? ನಾ ಬಿಚ್ಚುಸ್ದುನ್ನ ಕಂಡೋರು ಯಾರು?"

ಊರ ಹಿರಿಯರು ಕೂರಿಸಿ ಕೇಳಿದಾಗಲೂ ಅದೇ ಮಾತು. ಸಾಕ್ಷಿ ಹೇಳಲು ಸುಂದ್ರಮ್ಮ, ವಸೀಂ ಇಬ್ಬರೇ ಎದ್ದರು. ಇಬ್ಬರೂ ರಹಮತ್ ಬಿ ಕಡೆಯವರು ಅಂತ ಹಿರಿಯರು ತಳ್ಳಿಹಾಕಿದರು.

ರಹಮತ್ ಬಿ ಈಗಲೂ ನೆಲದ ಮೇಲೆ ಕೂತೇ ಮಸೆಯುತ್ತಾಳೆ. ಮುಂಗೈ ಊದಿದೆ, ಅರ್ಧ ಗಿರಾಕಿಗಳು ಕಾದು ಕಾದು ಹಿಂತಿರುಗುತ್ತಾರೆ. ಅಯ್ಯೋ ಪಾಪ ಎಂದವರಿಗೆ, "ಪಾಪ ಅಂದ್ರೆ ಚಕ್ರ ತಿರುಗಾದಾ?" ಎನ್ನುತ್ತಾಳೆ.

ಚಕ್ರ ಬಿಚ್ಚಿದ ದಿನ ಸಾಲಿನಲ್ಲಿ ನೀವೂ ಇದ್ದಿರಿ. ಈಳಿಗೆಮಣೆ ಕಂಕುಳಲ್ಲಿಟ್ಟುಕೊಂಡು ನೋಡಿದಿರಿ, ಮನೆಗೆ ಹೋಗಿ ಹುಳಿಗೆ ತರಕಾರಿ ಹೆಚ್ಚಿದಿರಿ. ಬರುವ ಸಂತೆಗೆ ಬನ್ನಿ. ಕರಿಬಸವಯ್ಯನ ಎದುರು ನಿಂತು, ನಿಮ್ಮ ಹೆಸರು, ನಿಮ್ಮ ಊರು ಹೇಳಿ, "ನಾನು ಕಂಡಿದ್ದೇನೆ, ಚಕ್ರ ಕೊಡು" ಎನ್ನಿ.