ಹನ್ನೊಂದನೆಯ ಗಡ್ಡೆ

ಹನ್ನೊಂದು ಎಂದೇ ನೆನಪು, ಆದರೆ ಆ ಸಂಖ್ಯೆಯನ್ನು ಆಮೇಲೆ, ಭಯದಲ್ಲಿ, ನಾನೇ ಕಟ್ಟಿಕೊಂಡಿರಲೂಬಹುದು. ಬಳ್ಳಿ ಒಣಗಿದ ಮೇಲೆ ಗೌರಿಹೂವಿನ ಗಡ್ಡೆಗಳನ್ನು ಅಗೆದಿದ್ದೆ. ಬೀಜದಿಂದ ಬೆಳೆಸಿದವು. ಕೆಂಪು ಬೀಜ ಮೊಳೆಯುವುದಕ್ಕೇ ತಿಂಗಳುಗಳು ಹಿಡಿದವು. ಮೊದಲ ವರ್ಷ ಸಿಕ್ಕಿದ್ದು ಹುಣಸೆಬೀಜದಷ್ಟು ಗಡ್ಡೆ. ಮೂರನೆಯ ಮಳೆಗಾಲ ಮುಗಿದಾಗ ಬೆರಳ ಗಾತ್ರ, ಎರಡು ಕವಲು. ಮುಂದಿನ ಗೌರಿಹಬ್ಬಕ್ಕೆ ಹೂವು ಖಂಡಿತ ಎಂದುಕೊಂಡಿದ್ದೆ. ಔಷಧಿಗೆ ಹೋಗುವ ಗಡ್ಡೆ. ಹಾಗೇ ತಿಂದರೆ ಪ್ರಾಣ ತೆಗೆಯುವ ವಿಷ. ಬಾಯಿ ಒಡೆದ ಮಡಕೆಯಲ್ಲಿ ಮರಳು ತುಂಬಿ ಹೂತಿಟ್ಟೆ. ಅವ್ವನಿಗೆ ಹೇಳಿದ್ದೆ. ಹೇಳಿದ್ದೆನೇ?

ಸಂಕ್ರಾಂತಿಯ ಮಧ್ಯಾಹ್ನ ಮದ್ದೂರಿನಿಂದ ಹನಕೆರೆಯ ಮನೆಗೆ ಬಂದಾಗ, ಅವ್ವ ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸಿ ತಿಂದು ಮುಗಿಸಿದ್ದಳು. ನನ್ನ ಮಡಕೆಯಲ್ಲಿ ಕೋಳಿ ನೀರು ಕುಡಿಯುತ್ತಿತ್ತು.

“ಇದ್ರಲ್ಲಿದ್ದ ಗಡ್ಡೆ?”

“ಗೆಣಸಿನ್ ಮಂಕ್ರಿಗೆ ಸುರ್ದೆ ಕಣ್ಲಾ. ಅಲ್ಲೂ ಮರಳೇ ಅಲ್ವಾ?”

“ಅದು ವಿಸ ಕಣವ್ವಾ!”

“ವಿಸ ಅಂದಿದ್ರೆ ಸುರೀತಿದ್ನಾ? ಬೇಯ್ಸಕ್ಕೆ ಕವಲಿರೋದ ಮುಟ್ಲಿಲ್ಲ ಬುಡು. ನಂಗೇನ್ ಕಣ್ಣು ಓಗಿದ್ದದಾ?”

ಮಂಕರಿಯನ್ನು ಅಂಗಳಕ್ಕೆ ಮಗುಚಿದೆ. ಕವಲಿನವು ಹತ್ತು. ಹನ್ನೊಂದನೆಯದು ಅಗೆಯುವಾಗಲೇ ಗುದ್ದಲಿ ತಗುಲಿ ಎರಡು ತುಂಡಾಗಿತ್ತು. ಮುರಿದ ಮೇಲೆ ಕವಲೆಲ್ಲಿ? ಸಣಕಲು ಗೆಣಸಿನ ಹಾಗೇ ಕಾಣುತ್ತದೆ. ಗೆಣಸಿನ ನಡುವೆ ಕೈಯಾಡಿಸಿ ಹುಡುಕಿದೆ. ಆ ತುಂಡುಗಳು ಇರಲಿಲ್ಲ.

ಆಟೋದಲ್ಲಿ ಮಂಡ್ಯದ ಆಸ್ಪತ್ರೆಗೆ. ಈಗ ಏನೂ ಕಾಣದಿದ್ದರೂ ಕೆಲವು ಗಂಟೆ ಕಳೆದು ವಾಂತಿ ಶುರುವಾಗಬಹುದು, ನಾಳೆಯವರೆಗೆ ಇಲ್ಲೇ ಇರಲಿ ಎಂದರು ಡಾಕ್ಟರು. ಮಂಚದ ಪಕ್ಕ ಕೂತೆ. ಅವ್ವ ತೇಗಿದರೆ ಎದ್ದು ನಿಲ್ಲುತ್ತಿದ್ದೆ.

“ಕುಂತ್ಕಳ್ಳಾ. ಅಬ್ಬದ್ ದಿನ ತೇಗ್ದೆ ಇನ್ನೇನ್ ಮಾಡ್ಲಿ?”

“ಯಾವುದಾದ್ರೂ ಕಹಿ ಇತ್ತಾ?”

ಅವಳು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು. “ಒಂದು ತುಂಡು ಕಹಿ ಅನ್ನುಸ್ತು. ಉಳ ಹೊಡ್ದಿತ್ತೇನೋ.”

“ಉಗುದ್ಯಾ? ನುಂಗುದ್ಯಾ?”

“ಗೆಣಸು ತಿನ್ನೋವಾಗ ಯಾರ್ಲಾ ಅದ್ನೆಲ್ಲ ಗ್ಯಾನ ಇಟ್ಕೋತಾರೆ?”

ಅಲ್ಲಿಂದ ಮುಂದೆ ಗಡ್ಡೆಗಳ ಲೆಕ್ಕವನ್ನೇ ಮತ್ತೆ ಮತ್ತೆ ಹಾಕುತ್ತಾ ಕೂತೆ. ಅವಳು ಬೈಯುತ್ತಲೇ ಇದ್ದಿರಬೇಕು, ನನಗೆ ಕೇಳಿಸಲಿಲ್ಲ.

ಅವಳಿಗೆ ಏನೂ ಆಗಲಿಲ್ಲ. ಮರುದಿನ ಮನೆಗೆ ಬಂದವಳೇ ಮೊದಲು ಕೋಳಿಯ ನೀರು ಚೆಲ್ಲಿ, ಆ ಮಡಕೆಯನ್ನು ಬೇಲಿಯಾಚೆ ಎಸೆದಳು. ಮಳೆ ಬಿದ್ದ ಮೇಲೆ ಹತ್ತು ಗಡ್ಡೆ ನೆಟ್ಟೆ. ಗೌರಿಹಬ್ಬಕ್ಕೆ ಏಳು ಬಳ್ಳಿ ಹೂಬಿಟ್ಟವು. ಅವ್ವ ಒಂದನ್ನೂ ಒಳಗೆ ತರಗೊಡಲಿಲ್ಲ.

ಆ ಕಹಿ ತುಂಡು ಹುಳ ಹೊಡೆದ ಗೆಣಸೋ, ನನ್ನ ಗಡ್ಡೆಯೋ ಗೊತ್ತಿಲ್ಲ. ಹನ್ನೊಂದನೆಯದು ಇತ್ತೋ ಇಲ್ಲವೋ ಗೊತ್ತಿಲ್ಲ. ಅದು ವಿಷವೆಂದು ಅವಳಿಗೆ ನಾನು ಮೊದಲೇ ಹೇಳಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.