ತಕ್ಕಡಿಯ ಮುಂದೆ ಬರಿಗಾಲು

ನಾನು ಕೆಲಸ ಮಾಡುವ ಶೆಡ್ಡಿನಲ್ಲಿ ತಕ್ಕಡಿಗೆ ಸಿಗುವ ಮರ್ಯಾದೆ ಮನುಷ್ಯರಿಗೆ ಸಿಗುವುದಿಲ್ಲ. ಬೆಳಿಗ್ಗೆ ಬಂದವರು ಮೊದಲು ಅದಕ್ಕೆ ಕೈ ಮುಗಿಯುತ್ತಾರೆ. ಹಮಾಲಿಗಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಬಂದು ಅದರ ಕಂಬಕ್ಕೆ ಅರಿಶಿನ ಕುಂಕುಮ ಇಡುತ್ತಾರೆ. ಶುಕ್ರವಾರವಾದರೆ ಹೂವಿನ ಹಾರ ಬೇರೆ. ಅದೇ ಹೆಂಗಸರಿಗೆ ಕೂತು ಉಣ್ಣಲು ಒಂದು ಒಣ ಜಾಗ ಮಾಡಿಕೊಡಿ ಎಂದರೆ ಮಾಲೀಕರಿಗೆ ಕಿವಿಯೇ ಕೇಳಿಸುವುದಿಲ್ಲ.

ಶೆಡ್ಡು ಇರುವುದು ಪಿರಿಯಾಪಟ್ಟಣದ ಹೊರಗೆ, ಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ. ಶುಂಠಿ ತೊಳೆಯುವ ಜಾಗ ಅದು. ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಹೊಲಗಳಿಂದ ಮಣ್ಣು ಮೆತ್ತಿಕೊಂಡ ಶುಂಠಿ ಬರುತ್ತದೆ. ಮೋಟರು ಹಾಕಿ ಪೈಪಿನಲ್ಲಿ ರಭಸವಾಗಿ ನೀರು ಹೊಡೆದು ತೊಳೆಯುತ್ತಾರೆ, ಮೂಟೆ ಕಟ್ಟುತ್ತಾರೆ, ಒಂದೊಂದು ಮೂಟೆಯನ್ನೂ ಅರವತ್ತು ಕೆಜಿಗೆ ತೂಗಿ ಲಾರಿಗೆ ಹಾಕುತ್ತಾರೆ. ಆ ನೆಲ ಒಣಗಿದ್ದನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ತೂಕ ಮಾಡುವ ಕೆಲಸ ನನ್ನದು. ಅದಕ್ಕೆ ಮುಂಚೆ ಹುಣಸೂರಿನ ಕಡೆ ಹೊಗೆಸೊಪ್ಪು ವಿಂಗಡಿಸಲು ಹೋಗುತ್ತಿದ್ದೆ, ಕೆಮ್ಮು ಹತ್ತಿಕೊಂಡಿತೆಂದು ಅದನ್ನು ಬಿಟ್ಟೆ. ಪಿಯುಸಿವರೆಗೆ ಓದಿದ್ದೀನಿ, ಅಂಕಿ ತಪ್ಪುವುದಿಲ್ಲ ಎಂದು ಮಾಲೀಕರು ನನ್ನನ್ನು ತಕ್ಕಡಿಯ ಹತ್ತಿರ ಕೂರಿಸಿದರು.

ತಕ್ಕಡಿ ಅಂದರೆ ನೆಲದ ಮೇಲೆ ಕಬ್ಬಿಣದ ಒಂದು ಹಲಗೆ, ಅದಕ್ಕೊಂದು ಕಂಬ, ಕಂಬದ ತುದಿಯಲ್ಲಿ ಕೆಂಪು ಅಂಕಿ ಉರಿಯುವ ಒಂದು ಸ್ಟೀಲಿನ ಪೆಟ್ಟಿಗೆ. ಅದನ್ನು ರಿಪೇರಿಯವರು ಇಂಡಿಕೇಟರ್ ಅನ್ನುತ್ತಿದ್ದರು, ಹಮಾಲಿಗಳು ಟಿವಿ ಅನ್ನುತ್ತಿದ್ದರು. ಹುಣಸೂರಿನಿಂದ ಹಳೆಯ ಬೈಕಿನಲ್ಲಿ ಬರುತ್ತಿದ್ದ ಆ ರಿಪೇರಿಯವರು ಐವತ್ತು ದಾಟಿದ ಸಿಡುಕು ಮನುಷ್ಯ. ಮೊದಲ ದಿನವೇ ನನ್ನನ್ನು ನಿಲ್ಲಿಸಿಕೊಂಡು ಪಾಠ ಮಾಡಿದರು.

"ನೋಡಮ್ಮ, ಸ್ವಿಚ್ ಹಾಕಿದ ತಕ್ಷಣ ತೂಗ್ಬೇಡ, ಹತ್ತು ನಿಮಿಷ ಬುಡು. ಹಲಗೆ ಮೇಲೆ ಏನೂ ಇಲ್ದಾಗ ಸೊನ್ನೆ ಬರ್ಬೇಕು. ಆಮೇಲೆ ಇಪ್ಪತ್ತು ಕೆಜಿ ಕಲ್ಲು ನಾಲ್ಕು ಮೂಲೆಗೂ ಇಟ್ಟು ನೋಡು. ಮೂಟೆ ಎತ್ತಾಕೋಕೆ ಬುಡಬೇಡ, ಕೆಳಗೆ ತೂಕ ಹಿಡಿಯೋ ಸೆಲ್ ಸತ್ತೋಯ್ತದೆ. ಪೆಟ್ಟಿಗೆ ಒರೆಸೋದಾದ್ರೆ ಪ್ಲಗ್ ಕಿತ್ತು ಒಣಬಟ್ಟೇಲಿ ಒರೆಸು. ನೀರು ಮಾತ್ರ ಹತ್ರಕ್ಕೂ ಬರಕೂಡ್ದು."

ಆಮೇಲೆ ನನ್ನ ಕಾಲು ನೋಡಿದರು. ಎಲ್ಲರಂತೆ ನಾನೂ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದೆ.

"ಮೊದಲು ಹೋಗಿ ಚಪ್ಪಲಿ ಹಾಕ್ಕೊಂಡು ಬಾ. ಇದು ಕರೆಂಟಿನ ಸಾಮಾನು, ದೇವರಲ್ಲ" ಎಂದರು.

ಮೂರು ಪಿನ್ನಿನ ಪ್ಲಗ್ ತೋರಿಸಿ, ಮೇಲಿನ ದಪ್ಪ ಪಿನ್ನೇ ನಿನ್ನ ಪ್ರಾಣ ಕಾಯುವುದು ಎಂದರು. ಪೆಟ್ಟಿಗೆಯ ಮೈಗೆ ಕರೆಂಟ್ ಇಳಿದರೆ ಅದು ಆ ಪಿನ್ನಿನಿಂದ ಅರ್ಥಿಂಗ್ ತಂತಿಗೆ ಹೋಗಿ ಭೂಮಿ ಸೇರುತ್ತದೆ, ಪಿನ್ನು ಇಲ್ಲದಿದ್ದರೆ ನಿನ್ನ ಮೈಯಿಂದ ಹಾದು ಸೇರುತ್ತದೆ. ಅಷ್ಟು ಬಿಡಿಸಿ ಹೇಳಿದವರು ನನಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಅವರು ಹೇಳಿದ ಒಂದೊಂದನ್ನೂ ಪಾಲಿಸಿದೆ. ರಬ್ಬರ್ ಚಪ್ಪಲಿ ಹಾಕಿಕೊಂಡೇ ನಿಂತೆ.

ಅದಕ್ಕೆ ನಾನು ಕೇಳಿಸಿಕೊಂಡ ಮಾತು ಒಂದೆರಡಲ್ಲ. "ಲಕ್ಷ್ಮಿ ಮುಂದೆ ಚಪ್ಪಲಿ ಹಾಕ್ಕೊಂಡು ನಿಂತ್ಕೋತೀಯಲ್ಲ, ಎಷ್ಟು ಕೊಬ್ಬು ನಿಂಗೆ" ಎಂದು ಮಾಲೀಕರೇ ಎಲ್ಲರ ಎದುರು ಅಂದಿದ್ದರು. ಹೆಂಗಸರು ಮುಸಿಮುಸಿ ನಕ್ಕರು. ನಾನೂ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, ಚಪ್ಪಲಿ ಬಿಡಲಿಲ್ಲ. ಮೂರು ವರ್ಷ ಹಾಗೇ ನಡೆಯಿತು.

ಕಳೆದ ವರ್ಷ ಆಯುಧಪೂಜೆಯ ದಿನ ನಾನು ತವರಿಗೆ ಹೋಗಿದ್ದೆ. ಮಾರನೆಯ ದಿನ ಬಂದು ನೋಡಿದರೆ ತಕ್ಕಡಿ ಮದುವಣಗಿತ್ತಿಯ ಹಾಗೆ ಇತ್ತು. ಕಂಬಕ್ಕೆ ಬಾಳೆಕಂದು, ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ, ಗುಂಡಿಗಳ ಸಂದಿಯಲ್ಲೆಲ್ಲ ಕುಂಕುಮದ ಕೆಸರು. ಹಲಗೆಯ ಮೇಲೆ ಬೂದುಗುಂಬಳ ಒಡೆದ ಗುರುತು. ಇದು ಇಷ್ಟೊಂದು ಹೇಗೆ ಹೊಳೆಯುತ್ತಿದೆ ಎಂದು ಹಮಾಲಿಗಳ ಮೇಸ್ತ್ರಿಯನ್ನು ಕೇಳಿದೆ.

"ಶುಂಠಿ ತೊಳೆಯೋ ಪೈಪಲ್ಲೇ ಹೊಡೆದ್ವಿ ಕಣಕ್ಕ. ಮೂರು ವರ್ಷದ ಕೊಳೆ ಒಂದೇ ಏಟಿಗೆ ಹೋಯ್ತು" ಎಂದ. ಪುಣ್ಯದ ಕೆಲಸ ಮಾಡಿದ ಖುಷಿ ಅವನ ಮುಖದಲ್ಲಿತ್ತು.

ಪ್ಲಗ್ ನೋಡಿದೆ. ಸೀರಿಯಲ್ ದೀಪ ಹಾಕಲು ಗೋಡೆಯ ಸಾಕೆಟ್ ಬೇಕಾಗಿತ್ತಂತೆ, ತಕ್ಕಡಿಯ ವೈರನ್ನು ಬರೀ ಎರಡು ತೂತಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದರು. ಮೇಲಿನ ದಪ್ಪ ಪಿನ್ನು ಅಡ್ಡ ಬಂತೆಂದು ಕಟಿಂಗ್ ಪ್ಲೇಯರ್‌ನಲ್ಲಿ ಮುರಿದಿದ್ದರು. ಮುರಿದ ಪಿನ್ನು ಅಲ್ಲೇ ಊದಿನಕಡ್ಡಿಯ ಬೂದಿಯ ಪಕ್ಕ ಬಿದ್ದಿತ್ತು.

ಪೆಟ್ಟಿಗೆಯ ಗುಂಡಿ ಒತ್ತಿದೆ. ಚಪ್ಪಲಿ ಇದ್ದರೂ ಬೆರಳಿನಿಂದ ಮೊಣಕೈವರೆಗೆ ಜುಮ್ ಎಂದಿತು.

ಹೇಳಿದಾಗ ಮೇಸ್ತ್ರಿ ನಕ್ಕು, "ಮೂಟೆ ಇಡುವಾಗ ನಮ್ಗೂ ಅಂಗೇ ಆಯ್ತದೆ. ಪೂಜೆ ಮಾಡಿದ್ಮೇಲೆ ತಾಯಿಗೆ ಶಕ್ತಿ ಬಂದದೆ ಬುಡು" ಎಂದ. ಉಳಿದವರೂ ನಕ್ಕರು.

ರಿಪೇರಿಯವರಿಗೆ ಫೋನ್ ಮಾಡಿದೆ. ಅವರು ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿದ್ದರು. "ಪ್ಲಗ್ ಕೀಳು. ನಾನು ಮೂರು ದಿನ ಬಿಟ್ಟು ಬತ್ತೀನಿ, ಅಲ್ಲಿಗಂಟ ಯಾರೂ ಮುಟ್ಟಕೂಡ್ದು" ಎಂದರು. ಪ್ಲಗ್ ಕಿತ್ತು ಮಾಲೀಕರ ಮುಂದೆ ಹೋಗಿ ನಿಂತೆ. ಎರಡು ಲಾರಿ ಕಾಯುತ್ತಿದ್ದವು. ಮಾಲೀಕರು ಮೋಟರು ನೋಡಿಕೊಳ್ಳುವವನನ್ನು ಕರೆದರು. ಅವನು ಪ್ಲಗ್ ಹಾಕಿ ಪೆಟ್ಟಿಗೆಗೆ ಟೆಸ್ಟರ್ ಇಟ್ಟ, ದೀಪ ಹತ್ತಿತು. "ಇದು ರಿಟರ್ನ್ ಕರೆಂಟು, ಏನೂ ಆಗಕಿಲ್ಲ" ಎಂದು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದ. ದೀಪ ಹತ್ತಿದ್ದನ್ನು ಮಾಲೀಕರೂ ನೋಡಿದ್ದರು.

"ರಿಪೇರಿ ಆಗೋಗಂಟ ನಾನು ತೂಗಲ್ಲ" ಎಂದೆ.

"ಅಂಗಾದ್ರೆ ಮನೇಲಿ ಕೂತ್ಕೋ" ಎಂದರು.

ಬುತ್ತಿ ಚೀಲ ಎತ್ತಿಕೊಂಡು ಹೊರಟೆ. ನಾನಿಲ್ಲದಿದ್ದರೆ ಅಂಕಿ ಓದುವವರು ಯಾರೂ ಇಲ್ಲ, ನಾಳೆ ತಕ್ಕಡಿ ಸರಿ ಮಾಡಿಸಿ ತಾವೇ ಕರೆಸುತ್ತಾರೆ ಎಂದು ನನಗೆ ಗಟ್ಟಿ ಧೈರ್ಯವಿತ್ತು. ಬಸ್ಸಿನಲ್ಲಿ ಕೂತು ಒಳಗೊಳಗೇ ಬೀಗಿದೆ.

ಆ ಸಂಜೆಯೇ ನನ್ನ ಬೀಗು ಇಳಿಯಿತು. ನಮ್ಮದು ಒಂದೇ ಮನೆ, ನಡುವೆ ಒಂದು ಗೋಡೆ. ಈ ಕಡೆ ನಾನೊಬ್ಬಳೇ, ಆ ಕಡೆ ನನ್ನ ಮೈದುನ, ಅವನ ಹೆಂಡತಿ. ಮೈದುನ ಅದೇ ಶೆಡ್ಡಿನಲ್ಲಿ ಹಮಾಲಿ, ಮೇಸ್ತ್ರಿಯ ಜೊತೆ ನಕ್ಕವರಲ್ಲಿ ಅವನೂ ಒಬ್ಬ. ನಾನು ಬಿಟ್ಟ ಕೆಲಸಕ್ಕೆ ಬಾ ಎಂದು ಮಾಲೀಕರು ಅವನ ಕೈಲೇ ನನ್ನ ವಾರಗಿತ್ತಿಗೆ ಹೇಳಿ ಕಳಿಸಿದ್ದರು. ಅವಳು ಎಸ್ಸೆಸ್ಸೆಲ್ಸಿ ಓದಿದವಳು. ಮದುವೆಯಾಗಿ ಬಂದಾಗಿನಿಂದ ಬಾಯಿ ತುಂಬ ಅಕ್ಕ ಅನ್ನುತ್ತಿದ್ದವಳು. ಒಪ್ಪಿಕೊಂಡುಬಿಟ್ಟಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಎದೆ ಸೆಟೆಸಿ ಬಂದಿದ್ದಕ್ಕೆ ಬೆಲೆಯೇ ಇಲ್ಲದ ಹಾಗೆ ಮಾಡಿದಳಲ್ಲ ಅನ್ನಿಸಿತು. ಮಾಲೀಕರ ಮೇಲಿದ್ದ ಸಿಟ್ಟೆಲ್ಲ ಅವಳ ಕಡೆ ತಿರುಗಿತು. ಮಾರನೆಯ ದಿನ ಬೆಳಿಗ್ಗೆ ಅವಳು ತಲೆ ಬಾಚಿ, ಹೂ ಮುಡಿದು, ಹೊಸ ಸೀರೆ ಉಟ್ಟು ನನ್ನ ಬಾಗಿಲಿಗೆ ಬಂದಳು.

"ಅಕ್ಕ, ಅಲ್ಲಿ ಏನೇನು ಮಾಡ್ಬೇಕು, ಒಸಿ ಏಳ್ಕೊಡು."

ನಾನು ಪಾತ್ರೆ ತೊಳೆಯುತ್ತಿದ್ದೆ. ಅವಳ ಮುಖ ನೋಡಲಿಲ್ಲ.

"ಏನದೆ ಅದ್ರಲ್ಲಿ. ಸೊನ್ನೆ ಬಂದದಾ ನೋಡು, ಮೂಟೆ ಇಡಿಸು, ಅಂಕಿ ಓದು. ಓದಿರೋಳಲ್ವಾ ನೀನು" ಎಂದೆ.

ಇಷ್ಟೇ ನಾನು ಹೇಳಿದ್ದು. ಮಾಲೀಕರಿಗೆ ಹೇಳಿದ್ದೆ, ಮೇಸ್ತ್ರಿಗೆ ಹೇಳಿದ್ದೆ, ಮೋಟರಿನವನ ಜೊತೆ ಜಗಳವಾಡಿದ್ದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೆ. ಯಾರು ಹೋಗಿ ಅದನ್ನು ಮುಟ್ಟಬೇಕೋ ಅವಳೊಬ್ಬಳಿಗೆ ಹೇಳಲಿಲ್ಲ. ಒಂದೆರಡು ಸಲ ಜುಮ್ ಅನ್ನಲಿ, ಹೆದರಿಕೊಂಡು ಓಡಿ ಬರಲಿ, ಆಗ ಗೊತ್ತಾಗುತ್ತೆ ಎಂದು ಮನಸ್ಸಿನಲ್ಲಿ ಇತ್ತು. ಇದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ.

ಮೊದಲ ದಿನ ಅವಳಿಗೆ ಏನೂ ಆಗಲಿಲ್ಲ. ಸಂಜೆ ನಗುನಗುತ್ತಾ ಬಂದಳು, ನನಗೆ ಅದೂ ಸಂಕಟವಾಯಿತು. ಎರಡನೆಯ ದಿನ ಬೆಳಿಗ್ಗೆ ಸೋನೆ ಹಿಡಿದಿತ್ತು. ಅವಳು ಎಲ್ಲರ ಹಾಗೆ ಚಪ್ಪಲಿ ಹೊರಗೆ ಬಿಟ್ಟಳು. ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡಳು. ನೀರಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಒದ್ದೆ ಕೈಯಲ್ಲಿ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದಳು.

ಬಲಗೈ ಹಿಡಿದುಕೊಂಡುಬಿಟ್ಟಿತು. ಕೂಗಲೂ ಆಗಲಿಲ್ಲವಂತೆ. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡು ಎಲ್ಲರೂ ಸುಮ್ಮನಿದ್ದರಂತೆ. ಮೇಸ್ತ್ರಿಗೆ ಏನೋ ಅನ್ನಿಸಿ, ಒಣ ಕೋಲಿನಲ್ಲಿ ವೈರನ್ನು ಹೊಡೆದು ಪ್ಲಗ್ ಬೀಳಿಸಿದ. ಅಷ್ಟಾದರೂ ಬುದ್ಧಿ ಅವನಿಗಿತ್ತು, ಇಲ್ಲದಿದ್ದರೆ ನಾನು ಇವತ್ತು ಇನ್ನೇನನ್ನೋ ಬರೆಯುತ್ತಿದ್ದೆ. ಹುಣಸೂರಿನ ಆಸ್ಪತ್ರೆಯಿಂದ ಮೈಸೂರಿಗೆ ಕರೆದುಕೊಂಡು ಹೋದರು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ತೆಗೆದರು, ಉಳಿದ ಮೂರು ಮಡಿಸಲು ಬರುವುದಿಲ್ಲ.

ರಿಪೇರಿಯವರು ಹೇಳಿದ ದಿನಕ್ಕೇ ಬಂದರು, ನಾನೂ ಶೆಡ್ಡಿಗೆ ಹೋಗಿದ್ದೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಇನ್ನೂ ಕುಂಕುಮದ ನೀರು ನಿಂತಿತ್ತು. ಒಂದು ತಂತಿ ನೆನೆದು, ಸುಟ್ಟು, ಪೆಟ್ಟಿಗೆಯ ಮೈಗೆ ಅಂಟಿತ್ತು. ಅವರು ಬೈಯಲಿಲ್ಲ. ಮುರಿದ ಪಿನ್ನು ಎಲ್ಲಿ ಎಂದು ಕೇಳಿ, ಸ್ಕ್ರೂಡ್ರೈವರ್ ಕೆಳಗಿಟ್ಟು ಹೊರಗೆ ಹೋಗಿ ನಿಂತರು.

ಅದೇ ದಿನ ವಿಚಾರಿಸಲು ಬಂದ ಪೊಲೀಸರ ಮುಂದೆ ಮಾಲೀಕರು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಕರೆಂಟ್ ಸಾಮಾನಿನ ಮುಂದೆ ಯಾರಾದ್ರೂ ಬರಿಗಾಲಲ್ಲಿ ನಿಂತ್ಕೋತಾರೇನ್ರೀ? ಚಪ್ಪಲಿ ಹಾಕ್ಕೊಳ್ಳಿ ಅಂತ ನಾವು ಬಡ್ಕೋತೀವಿ, ಕೇಳಲ್ಲ" ಎಂದರು. ನನ್ನನ್ನು ಕೊಬ್ಬಿದವಳು ಅಂದ ಅದೇ ಬಾಯಿ. ನಾನು ಅಲ್ಲೇ ನಿಂತಿದ್ದೆ. ಎದುರು ಮಾತಾಡಲು ಬಾಯಿ ತೆರೆದರೆ, ನೀನು ಅವಳಿಗೆ ಯಾಕೆ ಹೇಳಲಿಲ್ಲ ಎಂದು ಯಾರಾದರೂ ಕೇಳಿಯಾರು ಎಂದು ಸುಮ್ಮನಾದೆ. ಅವರು ಸುಳ್ಳು ಹೇಳಿ ಉಳಿದುಕೊಂಡರು, ನಾನು ಹೇಳದೆ ಉಳಿದುಕೊಂಡೆ. ಇಬ್ಬರಲ್ಲಿ ಹೆಚ್ಚು ಕಡಿಮೆ ಏನಿದೆ.

ಈಗ ಹೊಸ ಇಂಡಿಕೇಟರ್ ಬಂದಿದೆ. ಹೊಸದಾಗಿ ಅರ್ಥಿಂಗ್ ಗುಂಡಿ ತೋಡಿಸಿದ್ದಾರೆ, ಅದಕ್ಕೆ ದಿನ ಬಿಟ್ಟು ದಿನ ನಾನೇ ನೀರು ಹಾಕುತ್ತೇನೆ. ಕೆಳಗೆ ರಬ್ಬರ್ ಹಾಸು, ಗೋಡೆಗೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು. ಇಷ್ಟೆಲ್ಲ ಮಾಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಮಾಲೀಕರು ಕರೆಸಿದರು, ನಾನು ಹೋದೆ. ಯಾವ ಮುಖ ಇಟ್ಟುಕೊಂಡು ಹೋದೆ ಎಂದು ಕೇಳಿದರೆ, ಮೈದುನನ ಕೂಲಿ ಆಸ್ಪತ್ರೆಯ ಸಾಲಕ್ಕೇ ಹೋಗುತ್ತದೆ, ಗೋಡೆಯ ಆ ಕಡೆಗೂ ಈ ಕಡೆಗೂ ಈಗ ನಾನೇ ದುಡಿಯಬೇಕು.

ಬೆಳಿಗ್ಗೆ ಎದ್ದು ವಾರಗಿತ್ತಿಯ ಜಡೆ ಹಾಕುತ್ತೇನೆ. ಎಡಗೈಯೊಂದರಲ್ಲಿ ಅವಳಿಗೆ ಅದು ಆಗುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ತಿಂಗಳುಗಟ್ಟಲೆ ಅವಳು ಆ ದಿನದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ನಾನು ಕೆಲಸ ಬಿಟ್ಟದ್ದು ಸಿಟ್ಟಿಗೆ ಎಂದು ಮಾತ್ರ ಅವಳಿಗೆ ಗೊತ್ತಿದೆ, ಉಳಿದದ್ದು ಗೊತ್ತಿಲ್ಲ ಎಂದು ನಂಬಿಕೊಂಡಿದ್ದೆ. ಅವಳ ಹಿಂದೆ ಕೂತು ಜಡೆ ಹಾಕುವಾಗ ಮುಖ ಕಾಣುವುದಿಲ್ಲ ಎಂಬುದೇ ನನಗೊಂದು ಸಮಾಧಾನ.

ಮೊನ್ನೆ ನಾನು ಬುತ್ತಿ ಮರೆತು ಹೋಗಿದ್ದೆ. ಅದನ್ನು ಕೊಡಲು ಅವಳು ಬಸ್ಸು ಹತ್ತಿ ಶೆಡ್ಡಿಗೆ ಬಂದಳು. ಆ ದಿನದ ನಂತರ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ನಾನು ಅಂಕಿ ಬರೆದುಕೊಳ್ಳುತ್ತಿದ್ದವಳು ತಲೆ ಎತ್ತಿದರೆ, ಬಾಗಿಲಿನಲ್ಲಿ ಚಪ್ಪಲಿ ಬಿಟ್ಟು, ನೀರು ತುಳಿದುಕೊಂಡು ತಕ್ಕಡಿಯ ಹತ್ತಿರ ಬರುತ್ತಿದ್ದಳು. ಬುತ್ತಿ ಬಲ ಮೊಣಕೈಗೆ ನೇತಾಡುತ್ತಿತ್ತು. ಎಡಗೈ ಪೆಟ್ಟಿಗೆಯ ಕಡೆಗೆ ಚಾಚಿತ್ತು.

"ಮುಟ್ಬೇಡ, ಚಪ್ಪಲಿ ಹಾಕ್ಕೋ" ಎಂದು ನಾನು ಕೂಗಿದ ಕೂಗಿಗೆ ಮೋಟರಿನ ಸದ್ದಿನಲ್ಲೂ ಎಲ್ಲರೂ ತಿರುಗಿದರು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಹೆದರಲಿಲ್ಲ. ನನ್ನ ಕಡೆ ತಿರುಗಿದಳು.

"ಅವತ್ತು ನಿನ್ನ ಬಾಗಿಲಿಗೇ ಬಂದು ಕೇಳಿದ್ದೆ. ಇಂಗೇ ಕೂಗ್ಬೇಕಾಗಿತ್ತು ಕಣಕ್ಕ" ಎಂದಳು.

ಬುತ್ತಿಯನ್ನು ನನ್ನ ಸ್ಟೂಲಿನ ಮೇಲಿಟ್ಟು, ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು. ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಬಾಚಣಿಗೆ ಹಿಡಿದುಕೊಂಡು ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತಳು.